ರೈಜನ್ 9 9950ಎಕ್ಸ್: ನಿಮ್ಮ ಆರ್ ಕೋಡ್‌ಗೆ ಹದಿನಾರು ಕೋರ್ ಬೇಕಾ?

ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರೋಡಿನ ಯಾವ ಅಂಗಡಿಗೆ ಹೋಗಿ ಪ್ರೊಸೆಸರ್ ಕೇಳಿದರೂ ಕೌಂಟರಿನ ಹುಡುಗನ ಮೊದಲ ಪ್ರಶ್ನೆ ಒಂದೇ: "ಗೇಮಿಂಗಾ, ಎಡಿಟಿಂಗಾ ಸಾರ್?" ಸ್ಟ್ಯಾಟಿಸ್ಟಿಕ್ಸ್ ಅಂದರೆ ಒಂದು ಕ್ಷಣ ಯೋಚಿಸಿ, ಇದ್ದುದರಲ್ಲಿ ಹೆಚ್ಚು ಕೋರ್ ಇರುವ ಡಬ್ಬ ತೆಗೆದು ಮುಂದಿಡುತ್ತಾನೆ. ಹೆಚ್ಚಾಗಿ ಅದು ಎಎಂಡಿಯ ರೈಜನ್ 9 9950ಎಕ್ಸ್. 2024ರ ಆಗಸ್ಟ್‌ನಲ್ಲಿ ಬಂದ ಚಿಪ್. 16 ಕೋರ್ (ಲೆಕ್ಕ ಮಾಡುವ ಘಟಕ), 32 ಥ್ರೆಡ್ (ಏಕಕಾಲಕ್ಕೆ ಓಡುವ ಕೆಲಸದ ಎಳೆ), 5.7 ಗಿಗಾಹರ್ಟ್ಸ್ ಬೂಸ್ಟ್, 64 ಎಂಬಿ ಎಲ್3 ಕ್ಯಾಶ್, 170 ವಾಟ್ ಟಿಡಿಪಿ (ಶಾಖದ ಅಂದಾಜು). ಚಿಪ್ ಬಗ್ಗೆ ತಕರಾರಿಲ್ಲ. ಆದರೆ ಆರ್‌ನಲ್ಲಿ (ಅಂಕಿಅಂಶ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆ) ಕೆಲಸ ಮಾಡುವ ಬಹಳ ಜನರ ಮೇಜಿನ ಮೇಲೆ ಅದರ ಹದಿನೈದು ಕೋರ್‌ಗಳು ದಿನವಿಡೀ ಆಕಳಿಸುತ್ತ ಕೂತಿರುತ್ತವೆ.

ಯಾಕೆಂದರೆ ಆರ್ ತಾನಾಗಿ ಓಡುವುದು ಒಂದೇ ಕೋರ್ ಮೇಲೆ. ಫಾರ್ ಲೂಪ್ ಬರೆದರೆ ಒಂದು ಕೋರ್. ಪಟ್ಟಿಯ ಪ್ರತಿ ಅಂಶಕ್ಕೂ ಅದೇ ಕೆಲಸ ಮಾಡಿಸುವ ಲ್ಯಾಪ್ಲೈ ಬರೆದರೂ ಒಂದೇ. ಮಿಕ್ಸ್‌ಡ್ ಮಾಡೆಲ್‌ಗೆ (ಗುಂಪುಗುಂಪಾಗಿರುವ ಡೇಟಾದ ಮಾದರಿ) ಎಲ್ಲರೂ ಬಳಸುವ ಎಲ್‌ಎಂಇ4 ಪ್ಯಾಕೇಜ್ ಕೂಡ ಅಷ್ಟೆ, ಅದು ತಾಸುಗಟ್ಟಲೆ ತಿಣುಕುತ್ತಿದ್ದರೆ ಕೋರ್ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ, ಒಂದೊಂದು ಕೋರಿನ ವೇಗ ಹೆಚ್ಚಬೇಕು. ಆ ವೇಗದಲ್ಲಿ 9950ಎಕ್ಸ್‌ಗೂ ಅದೇ ಪೀಳಿಗೆಯ ಎಂಟು ಕೋರಿನ 9700ಎಕ್ಸ್‌ಗೂ (5.5 ಗಿಗಾಹರ್ಟ್ಸ್, 65 ವಾಟ್) ಕೂದಲೆಳೆಯ ಅಂತರ. ಸ್ಟೇಟಾ ಎಂಬ ಇನ್ನೊಂದು ಸ್ಟ್ಯಾಟಿಸ್ಟಿಕ್ಸ್ ತಂತ್ರಾಂಶ ಬಳಸುವವರು ಇನ್ನೊಂದು ಲೆಕ್ಕ ನೋಡಬೇಕು: ಬಿಇ ಮತ್ತು ಎಸ್ಇ ಆವೃತ್ತಿಗಳು ಒಂದೇ ಕೋರ್ ಮುಟ್ಟುತ್ತವೆ, ಎಂಪಿ ಆವೃತ್ತಿಯ ಲೈಸೆನ್ಸೇ ಕೋರ್ ಲೆಕ್ಕದಲ್ಲಿ ಬರುತ್ತದೆ. ನಾಲ್ಕು ಕೋರಿನ ಲೈಸೆನ್ಸ್ ಇಟ್ಟುಕೊಂಡು ಹದಿನಾರು ಕೋರಿನ ಚಿಪ್ ತರುವುದು, ಸ್ಕೂಟರ್ ಲೈಸೆನ್ಸ್ ಇಟ್ಟುಕೊಂಡು ಲಾರಿ ಕೊಂಡ ಹಾಗೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ. ಈಗಿರುವ ಯಂತ್ರದಲ್ಲೇ ನಿಮ್ಮ ಅತಿ ನಿಧಾನದ ಸ್ಕ್ರಿಪ್ಟ್ ಓಡಲು ಬಿಟ್ಟು, ಪಕ್ಕದಲ್ಲಿ ಪ್ರತಿ ಕೋರಿನ ದುಡಿಮೆಯನ್ನು ಪಟ್ಟಿಯಾಗಿ ತೋರಿಸುವ ಎಚ್‌ಟಾಪ್ ತೆರೆದು ನೋಡಿ (ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಲಾಜಿಕಲ್ ಪ್ರೊಸೆಸರ್ ನೋಟ). ಒಂದೇ ಪಟ್ಟಿ ತುದಿಮುಟ್ಟಿ ಉಳಿದವು ತಳದಲ್ಲಿದ್ದರೆ 9700ಎಕ್ಸ್ ಸಾಕು. ಎಲ್ಲ ಪಟ್ಟಿಗಳೂ ತುಂಬಿದ್ದರೆ ಮಾತ್ರ 9950ಎಕ್ಸ್ ಮಾತು. ಪಟ್ಟಿಗಳೆಲ್ಲ ಖಾಲಿ ಇದ್ದು ಡಿಸ್ಕ್ ಬಡಿದುಕೊಳ್ಳುತ್ತಿದ್ದರೆ ನಿಮಗೆ ಬೇಕಾದದ್ದು ರ್‍ಯಾಮ್.

ಅದಕ್ಕೂ ಮೊದಲು ಪುಕ್ಕಟೆ ಸಿಗುವ ವೇಗವೊಂದಿದೆ, ಅದನ್ನು ಬಿಡಬೇಡಿ. ಆರ್ ಜೊತೆಗೆ ಬರುವ ಮೂಲ ಬ್ಲಾಸ್ (ಮ್ಯಾಟ್ರಿಕ್ಸ್ ಲೆಕ್ಕದ) ಲೈಬ್ರರಿ ಹಳೇ ಕಾಲದ್ದು, ಒಂಟಿ ಕೋರಿನದ್ದು. ಸೆಷನ್‌ಇನ್ಫೋ ಎಂದು ಕೊಟ್ಟರೆ ಯಾವ ಬ್ಲಾಸ್ ಓಡುತ್ತಿದೆ ಎಂದು ಲಿನಕ್ಸ್‌ನಲ್ಲಿ ಅದೇ ಹೇಳುತ್ತದೆ. ಉಬುಂಟುನಲ್ಲಿ ಆಪ್ಟ್ ಆದೇಶದಿಂದ ಅದರ ವೇಗದ ಬದಲಿ ಓಪನ್‌ಬ್ಲಾಸ್ ಪ್ಯಾಕೇಜ್ ಹಾಕಿದರೆ ಸಾಕು, ಆರ್ ಅನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ. 5000 ಸಾಲು, 5000 ಕಾಲಮ್ಮಿನ ಮ್ಯಾಟ್ರಿಕ್ಸ್ (200 ಎಂಬಿ) ಮಾಡಿ ಅದರ ಕ್ರಾಸ್‌ಪ್ರಾಡ್ (ತನ್ನದೇ ಟ್ರಾನ್ಸ್‌ಪೋಸ್ ಜೊತೆಗಿನ ಗುಣಲಬ್ಧ) ತೆಗೆದು ನೋಡಿ: ಮೂಲ ಬ್ಲಾಸ್‌ನಲ್ಲಿ ಹತ್ತಾರು ಸೆಕೆಂಡು ಹಿಡಿಯುವುದು ಓಪನ್‌ಬ್ಲಾಸ್‌ನಲ್ಲಿ ಒಂದು ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಪಿಪ್‌ನಿಂದ ನಂಪೈ (ಅಂಕಿ ಲೆಕ್ಕದ ಲೈಬ್ರರಿ) ಹಾಕಿಕೊಂಡ ಪೈಥಾನ್ ಮಂದಿಗೆ ಈ ತಲೆನೋವಿಲ್ಲ, ಅದರೊಳಗೇ ಓಪನ್‌ಬ್ಲಾಸ್ ಇರುತ್ತದೆ.

9950ಎಕ್ಸ್ ನಿಜವಾಗಿ ಮೆರೆಯುವುದು ಇಲ್ಲೇ. ಹಿಂದಿನ ಪೀಳಿಗೆಯ 7950ಎಕ್ಸ್ ಎವಿಎಕ್ಸ್-512 ಸೂಚನೆಯನ್ನು (ಒಂದೇ ಏಟಿಗೆ ಹಲವು ಅಂಕಿಗಳ ಲೆಕ್ಕ ಮಾಡಿಸುವ ಆದೇಶ) 256 ಬಿಟ್‌ನ ಎರಡು ತುಂಡು ಮಾಡಿ ಓಡಿಸುತ್ತಿತ್ತು. ಇದು 512 ಬಿಟ್ ಅನ್ನು ಇಡಿಯಾಗಿ ನುಂಗುತ್ತದೆ, ಒಂದು ಕ್ಲಾಕ್‌ಗೆ ಪ್ರತಿ ಕೋರಿನ ಡಬಲ್ ಪ್ರಿಸಿಷನ್ (64 ಬಿಟ್ ಅಂಕಿಯ) ಲೆಕ್ಕ 16ರಿಂದ 32ಕ್ಕೆ ಏರಿದೆ. ಇಂಟೆಲ್‌ನ ಡೆಸ್ಕ್‌ಟಾಪ್ ಕೋರ್ ಅಲ್ಟ್ರಾ ಚಿಪ್‌ಗಳಲ್ಲಿ ಎವಿಎಕ್ಸ್-512 ಇಲ್ಲವೇ ಇಲ್ಲ. ಆದರೆ ಓಪನ್‌ಬ್ಲಾಸ್ ಹೊಸದಿರಬೇಕು. ಹಳೆಯ ಆವೃತ್ತಿ ಚಿಪ್‌ನ ಗುರುತು ಸಿಗದೆ 256 ಬಿಟ್‌ನ ಎವಿಎಕ್ಸ್2 ದಾರಿ ಹಿಡಿದರೆ ಕೊಟ್ಟ ದುಡ್ಡು ಅಷ್ಟರಮಟ್ಟಿಗೆ ವ್ಯರ್ಥ. ಎಎಂಡಿಯಲ್ಲಿ ಎಂಕೆಎಲ್ (ಇಂಟೆಲ್‌ನ ಬ್ಲಾಸ್ ಲೈಬ್ರರಿ) ಓಡಿಸುವವರಿಗೆ ಹಳೆಯ ಬರಹಗಳು ಹೇಳಿಕೊಡುವ ಡಿಬಗ್ ಸಿಪಿಯು ಟೈಪ್ 5 ಎಂಬ ಉಪಾಯವೂ ಈಗ ನಡೆಯುವುದಿಲ್ಲ, 2020ರಲ್ಲೇ ಇಂಟೆಲ್ ಅದನ್ನು ತೆಗೆದುಹಾಕಿತು.

ಒಂದು ಮೋಸ ಮಾತ್ರ ನೆನಪಿರಲಿ. ಲೀನಿಯರ್ ರಿಗ್ರೆಷನ್ ಮಾಡುವ ಎಲ್‌ಎಂ ಫಂಕ್ಷನ್‌ಗೆ ಬ್ಲಾಸ್ ಬದಲಿಸಿದರೆ ಹೇಳಿಕೊಳ್ಳುವಂಥ ಲಾಭ ಸಿಗುವುದಿಲ್ಲ. ಅದು ಇವತ್ತಿಗೂ ಲಿನ್‌ಪ್ಯಾಕ್ ಎಂಬ ಹಳೇ ಲೈಬ್ರರಿ ಕಾಲದ ಕ್ಯೂಆರ್ (ಮ್ಯಾಟ್ರಿಕ್ಸ್ ಒಡೆಯುವ) ಕೋಡನ್ನೇ ಬಳಸುತ್ತದೆ, ಕಾಲಮ್ ಕಾಲಮ್ಮಾಗಿ ನಡೆಯುವ ಕೋಡ್. ಓಪನ್‌ಬ್ಲಾಸ್ ಹಾಕಿ, ಎಲ್‌ಎಂ ಓಡಿಸಿ, "ಏನೂ ವ್ಯತ್ಯಾಸ ಇಲ್ಲ" ಎಂದು ಚಿಪ್ ಬೈಯುವವರು ಇದಕ್ಕೇ ಬಿದ್ದವರು.

ಬೂಟ್‌ಸ್ಟ್ರ್ಯಾಪ್, ಸಿಮ್ಯುಲೇಷನ್, ಕ್ರಾಸ್ ವ್ಯಾಲಿಡೇಷನ್ ಹೀಗೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವವರಿಗೆ ಹದಿನಾರು ಕೋರ್ ವರವೇ. ಅಲ್ಲೂ ಎಡವುವ ಕಡೆ ಎರಡಿವೆ. ಮೊದಲನೆಯದು ಥ್ರೆಡ್‌ಗಳ ಜಾತ್ರೆ. ಹದಿನಾರು ವರ್ಕರ್ (ಕೆಲಸ ಹಂಚಿಕೊಳ್ಳುವ ಆರ್ ಪ್ರತಿಗಳು) ಎಬ್ಬಿಸಿದಿರಿ, ಪ್ರತಿ ವರ್ಕರ್ ಒಳಗೆ ಓಪನ್‌ಬ್ಲಾಸ್ ತನ್ನದೇ ಥ್ರೆಡ್‌ಗಳನ್ನು ಎಬ್ಬಿಸಿತು; ಒಟ್ಟು ನೂರಾರು. ಎಚ್‌ಟಾಪ್‌ನಲ್ಲಿ ಎಲ್ಲ ಪಟ್ಟಿ ಕೆಂಪಗೆ ತುಂಬಿರುತ್ತದೆ, ಕೆಲಸ ಮಾತ್ರ ಒಂಟಿ ಕೋರಿಗಿಂತಲೂ ನಿಧಾನವಾಗಬಹುದು. ಮದ್ದು ಸುಲಭ: ವರ್ಕರ್ ಎಬ್ಬಿಸುವ ಮೊದಲು ಬ್ಲಾಸ್ ಥ್ರೆಡ್ 1ಕ್ಕೆ ಇಳಿಸಿ. ವರ್ಕರ್ ಒಳಗೆ ದೊಡ್ಡ ಟೇಬಲ್ ಸಂಭಾಳಿಸುವ ಡೇಟಾ.ಟೇಬಲ್ ಪ್ಯಾಕೇಜ್ ಬಳಸುತ್ತಿದ್ದರೆ ಅದರ ಥ್ರೆಡ್ ಕೂಡ ನೋಡಿಕೊಳ್ಳಿ, ಸುಮ್ಮನೆ ಬಿಟ್ಟರೆ ಅದು ಅರ್ಧ ಲಾಜಿಕಲ್ ಕೋರ್ ಹಿಡಿಯುವ ಜಾಯಮಾನದ್ದು.

ಎರಡನೆಯದು ರ್‍ಯಾಮ್. ಒಂದು ಕೋಟಿ ಸಾಲು, 50 ನ್ಯೂಮರಿಕ್ ಕಾಲಮ್ ಅಂದರೆ ಅಂಕಿಯೊಂದಕ್ಕೆ 8 ಬೈಟ್‌ನಂತೆ 4 ಜಿಬಿ. ವಿಂಡೋಸ್‌ನಲ್ಲಿ ಫೋರ್ಕ್ (ಓಡುತ್ತಿರುವ ಆರ್ ಮೆಮೊರಿ ಹಂಚಿಕೊಂಡೇ ಕವಲೊಡೆಯುವುದು) ಇಲ್ಲ, ಸಾಕೆಟ್ ಕ್ಲಸ್ಟರ್ (ಪ್ರತ್ಯೇಕ ಆರ್‌ಗಳ ಗುಂಪು) ಮಾಡಿ ಡೇಟಾ ಕಳಿಸಿದರೆ ಪ್ರತಿ ವರ್ಕರ್‌ಗೂ ಪೂರ್ತಿ ನಕಲು: 16 ವರ್ಕರ್‌ಗೆ 64 ಜಿಬಿ, ಲೆಕ್ಕ ಶುರುವಾಗುವ ಮೊದಲೇ. ಲಿನಕ್ಸ್‌ನಲ್ಲಿ ಲ್ಯಾಪ್ಲೈನ ಬಹುಕೋರ್ ರೂಪ ಎಂಸಿಲ್ಯಾಪ್ಲೈ ಫೋರ್ಕ್ ಮಾಡುವುದರಿಂದ ಬದಲಾದ ಭಾಗವಷ್ಟೇ ನಕಲಾಗುತ್ತದೆ. ಈ ಚಿಪ್ ಕೊಂಡು ವಿಂಡೋಸ್‌ನಲ್ಲೇ ಇರುತ್ತೇನೆ ಎನ್ನುವವರು ಕನಿಷ್ಠ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ಹಾಕಿಕೊಳ್ಳಿ. ಅದು ತಾನಾಗಿ ಯಂತ್ರದ ಅರ್ಧ ರ್‍ಯಾಮ್ ಮಾತ್ರ ತೆಗೆದುಕೊಳ್ಳುತ್ತದೆ, ಕಾನ್ಫಿಗ್ ಫೈಲಿನಲ್ಲಿ ಮಿತಿ ಏರಿಸಬೇಕು.

ರ್‍ಯಾಮ್ ಕೊಳ್ಳುವಾಗ ಅಂಗಡಿಯವರು "ನಾಲ್ಕೂ ಸ್ಲಾಟ್ ತುಂಬಿಸಿಬಿಡಿ ಸಾರ್" ಎಂದರೆ ಒಪ್ಪಬೇಡಿ. ಈ ಚಿಪ್‌ಗೆ ಎರಡು ಸ್ಟಿಕ್ ಹಾಕಿದರೆ ಅಧಿಕೃತ ವೇಗ ಡಿಡಿಆರ್5-5600, ನಾಲ್ಕು ಹಾಕಿದರೆ 3600. ಎರಡು ಚಾನೆಲ್ ಸೇರಿ ಸಿಗುವ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 89.6 ಜಿಬಿ, ಅದನ್ನೇ ಹದಿನಾರು ಕೋರ್ ಹಂಚಿಕೊಂಡು ಉಣ್ಣಬೇಕು, ಅದರಲ್ಲೂ ಕಡಿತ ಎಂದರೆ ಹೇಗೆ? ದೊಡ್ಡ ಟೇಬಲ್‌ಗಳ ಗ್ರೂಪ್‌ಬೈ (ಗುಂಪುವಾರು ಲೆಕ್ಕ) ಕೆಲಸ ಎಂಟು ಕೋರ್ ದಾಟಿದ ಮೇಲೆ ಅಷ್ಟಾಗಿ ವೇಗ ಪಡೆಯದಿರುವುದಕ್ಕೆ ಕಾರಣವೂ ಇದೇ. 32 ಜಿಬಿಯ ಎರಡು, ಇಲ್ಲವೇ 48 ಜಿಬಿಯ ಎರಡು ತೆಗೆದುಕೊಳ್ಳಿ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿ ಕೂತಿದೆ. ಬಜೆಟ್ ಬಿಗಿಯಾದರೆ ಚಿಪ್ ಒಂದು ಮೆಟ್ಟಿಲು ಇಳಿಸಿ, ರ್‍ಯಾಮ್ ಇಳಿಸಬೇಡಿ. 9950ಎಕ್ಸ್3ಡಿಯ ಹೆಚ್ಚುವರಿ ಕ್ಯಾಶ್‌ಗೆ ಕೊಡುವ ದುಡ್ಡೂ ಇಲ್ಲಿಗೇ ಬಂದರೆ ಒಳ್ಳೆಯದು.

ಇಂಟೆಲ್ ಕಡೆ ನೋಡುವುದಾದರೆ ಕೋರ್ ಅಲ್ಟ್ರಾ 7 265ಕೆ ಇದೆ. 8 ದೊಡ್ಡ ಕೋರ್, 12 ಸಣ್ಣ ಕೋರ್, ಹೈಪರ್‌ಥ್ರೆಡಿಂಗ್ (ಒಂದು ಕೋರಿಗೆ ಎರಡು ಥ್ರೆಡ್) ಇಲ್ಲ. ಒಂಟಿ ಕೋರಿನ ಕೆಲಸಕ್ಕೆ ಚೆನ್ನಾಗಿದೆ. ಪ್ಯಾರಲಲ್ ಕೆಲಸದಲ್ಲಿ ಸಣ್ಣ ಕೋರ್ ಕಾಲೆಳೆಯುತ್ತದೆ: ಎಂಸಿಲ್ಯಾಪ್ಲೈ ಕೆಲಸವನ್ನು ಮೊದಲೇ ಸಮಪಾಲು ಮಾಡಿ ಹಂಚುತ್ತದೆ, ದೊಡ್ಡ ಕೋರ್‌ಗಳು ತಮ್ಮ ಪಾಲು ಮುಗಿಸಿ ಸಣ್ಣವಕ್ಕಾಗಿ ಕಾಯುತ್ತ ಕೂರುತ್ತವೆ. ಪ್ರಿಷೆಡ್ಯೂಲ್ ಆಯ್ಕೆ ಆಫ್ ಮಾಡಿದರೆ ಸರಿಹೋಗುತ್ತದೆ. ಇನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಐ9-13900ಕೆ, 14900ಕೆ ಅಗ್ಗಕ್ಕೆ ಸಿಕ್ಕರೂ ಮುಟ್ಟದಿರುವುದೇ ಲೇಸು. ಆ ಎರಡು ಪೀಳಿಗೆಯಲ್ಲಿ ವೋಲ್ಟೇಜ್ ಏರಿ ಚಿಪ್ ಹಾಳಾಗುವ ದೋಷವಿತ್ತು, 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಅಷ್ಟರೊಳಗೆ ಆದ ಹಾನಿಯನ್ನು ಮೈಕ್ರೋಕೋಡ್ ವಾಸಿ ಮಾಡುವುದಿಲ್ಲ.

ಬೆಂಗಳೂರಿನ ಮನೆಗಳಲ್ಲಿ ಎಸಿ ಇಲ್ಲದ ಕೋಣೆಯೇ ಹೆಚ್ಚು. ಏಪ್ರಿಲ್‌ನಲ್ಲಿ ರಾತ್ರಿಯಿಡೀ ಸಿಮ್ಯುಲೇಷನ್ ಓಡಿದರೆ ಈ ಚಿಪ್ 95 ಡಿಗ್ರಿಯ ಮಿತಿಗೆ ಹೋಗಿ ಅಂಟಿಕೊಂಡು ನಿಂತೀತು. ಸುಡುವುದಿಲ್ಲ, ಕ್ಲಾಕ್ ಇಳಿಸಿಕೊಂಡು ಓಡುತ್ತದೆ. ಡಬ್ಬದಲ್ಲಿ ಕೂಲರ್ ಬರುವುದಿಲ್ಲ, ಎರಡು ಗೋಪುರದ ಒಳ್ಳೆ ಏರ್ ಕೂಲರ್ ಹಾಕಿ. ಬಯಾಸ್‌ನಲ್ಲಿ ಇಕೋ ಮೋಡ್ 105 ವಾಟ್‌ಗೆ ಇಟ್ಟರೆ ಕಳೆದುಕೊಳ್ಳುವ ವೇಗ ಅಲ್ಪ, ಫ್ಯಾನಿನ ಗದ್ದಲವೂ ತಗ್ಗುತ್ತದೆ. ಕರೆಂಟ್ ಹೋಗುವ ಭಯಕ್ಕೆ ಯುಪಿಎಸ್ ಇರಲಿ, ಆದರೆ ಅದು ಕೊಡುವುದು ಕೆಲವೇ ನಿಮಿಷ. ಪ್ರತಿ ನೂರು ಸುತ್ತಿಗೊಮ್ಮೆ ಫಲಿತಾಂಶವನ್ನು ಆರ್‌ನದೇ ಆರ್‌ಡಿಎಸ್ ಫೈಲಿಗೆ ಉಳಿಸುವ ಸಾಲೊಂದು ಕೋಡಿನಲ್ಲೇ ಇದ್ದರೆ ಬೆಸ್ಕಾಂ ಮೇಲೆ ಸಿಟ್ಟು ಮಾಡಿಕೊಳ್ಳುವುದು ತಪ್ಪುತ್ತದೆ.

ಕೊಳ್ಳಲು ಹೋಗುವವರು ಗಾಡಿ ಬಿಟ್ಟು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ. ಹೇಳಿದ ದರ 18% ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಎಂದು ಮೊದಲೇ ಕೇಳಿ. ಬಾಕ್ಸ್ ಚಿಪ್‌ಗೆ ಕಂಪನಿಯ ಮೂರು ವರ್ಷದ ವಾರಂಟಿ ಇದೆ. ಡಬ್ಬವಿಲ್ಲದ ಟ್ರೇ ಚಿಪ್ ಕೊಂಡರೆ ಮಾರಿದವರನ್ನೇ ಹಿಡಿಯಬೇಕು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಎಎಂ5 ಸಾಕೆಟ್‌ಗೆ ಕೂರುವ ಈ ಚಿಪ್‌ಗೆ ಪಿನ್ ಇಲ್ಲ, ಪಿನ್ ಇರುವುದು ಬೋರ್ಡಿನ ಸಾಕೆಟ್‌ನಲ್ಲಿ. ಹಾಗಾಗಿ ಕೌಂಟರಿನಲ್ಲೇ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆ ಹಿಡಿದು ನೋಡಿ: ಸಾಲಿನ ನಡುವೆ ಎಲ್ಲಾದರೂ ಹೊಳಪು ಬೇರೆಯಾಗಿ ಕಂಡರೆ ಅಲ್ಲಿ ಪಿನ್ ಬಾಗಿದೆ. ಮದರ್‌ಬೋರ್ಡ್ ಬಿ650 ಚಿಪ್‌ಸೆಟ್‌ನದ್ದಾಗಿದ್ದು ದಾಸ್ತಾನು ಹಳೆಯದಾದರೆ ಬಯಾಸ್ ಅಪ್‌ಡೇಟ್ ಅಲ್ಲೇ ಮಾಡಿಸಿಕೊಳ್ಳಿ, ಇಲ್ಲವಾದರೆ ಬೋರ್ಡ್ ಈ ಚಿಪ್ ಗುರುತಿಸುವುದಿಲ್ಲ. ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ಮೆಮೊರಿ ಟ್ರೈನಿಂಗ್ ನಡೆಯುತ್ತದೆ, ಪರದೆ ಹಲವು ನಿಮಿಷ ಕಪ್ಪಾಗಿಯೇ ಇರಬಹುದು. ಹೆದರಿ ಸ್ವಿಚ್ ಆರಿಸಿದರೆ ಟ್ರೈನಿಂಗ್ ಮತ್ತೆ ಮೊದಲಿನಿಂದ. ಪಕ್ಕದಲ್ಲಿ ಹೋಗಿ ಒಂದು ಬೈಟೂ ಕಾಫಿ ಕುಡಿದು ಬನ್ನಿ.