ಗಾರ್ಡನ್ ಮಾಡಿಸುವವರೇ, ಮೊದಲು ಮೇ ತಿಂಗಳ ಫೋಟೊ ಕೇಳಿ

ಹೋದ ವಾರ ಬೀದರ್‌ನಿಂದ ನಮ್ಮ ಕಾಕಾನ ಮಗಳು ಫೋನ್ ಮಾಡಿದ್ದಳು. ಅವರ ಹೊಸ ಮನೆ ಮುಗಿಯುತ್ತಾ ಬಂದಿದೆ. "ಅಕ್ಕಾ, ನಿಮ್ಮ ಮನಿ ಗಾರ್ಡನ್ ಫೋಟೊ ನೋಡಿದೆ. ಎಷ್ಟ್ ಛಂದ ಅದ! ಆ ಡಿಸೈನರ್ ನಂಬರ್ ಕೊಡು" ಅಂದಳು. ಯಾವ ಫೋಟೊ ಅಂತ ಕೇಳಿದೆ, ಕಳಿಸಿದಳು. ಕೆಲಸ ಮುಗಿದ ದಿನ ಸಂಜೆ ಆ ಡಿಸೈನರೇ ತೆಗೆದದ್ದು. ಹಸಿರು ಹುಲ್ಲು, ಮೂರು ಪಾಮ್ ಗಿಡ, ಬಿಳಿ ಕಲ್ಲು, ಹಿಂದೆ ನಮ್ಮ ಗೇಟು. ಒಂದೂವರೆ ವರ್ಷ ಆಯಿತು, ಅವರು ಇನ್ನೂ ಅದನ್ನೇ ತೋರಿಸಿ ಗಿರಾಕಿ ಹಿಡಿಯುತ್ತಿದ್ದಾರೆ. ನಾನು ಅದೇ ಜಾಗದಲ್ಲಿ ನಿಂತು ಇವತ್ತಿನ ಫೋಟೊ ತೆಗೆದು ಅವಳಿಗೆ ಕಳಿಸಿದೆ. ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ "ಇದೂ ನಿಮ್ಮನೀದೇ ಏನು?" ಅಂತ ಬಂತು.

ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಿಸೈನರ್ ಹೆಸರು ಬೇಡ. ಹೇಗೆ ಕೈ ಸುಟ್ಟುಕೊಂಡೆವು ಅನ್ನೋದು ಗೊತ್ತಾದರೆ ಸಾಕು.

ನಮ್ಮ ಮನೆ ಕಲಬುರಗಿಯಲ್ಲಿ, ಸೇಡಂ ರಸ್ತೆ ಕಡೆ. ಪಶ್ಚಿಮಕ್ಕೆ ಮುಖ. ಮುಂದೆ ಮತ್ತು ಒಂದು ಪಕ್ಕ ಸೇರಿ ಸುಮಾರು 600 ಚದರಡಿ ಜಾಗ ಬಿಟ್ಟಿದ್ದೆವು. ಮಣ್ಣು ಅಪ್ಪಟ ಎರೆ, ಅಂದರೆ ಕರಿ ಮಣ್ಣು. ಮನೆ ಕಟ್ಟುವಾಗ ಇಂಜಿನಿಯರ್ ಅದಕ್ಕೆ ಎಷ್ಟು ಹೆದರಿಸಿದ್ದರು ಅಂತೀರಿ! "ಎರಿ ಮಣ್ಣು ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಬಾಯಿ ಬಿಡತದ, ಗ್ವಾಡಿ ಸೀಳತದ" ಅಂತ ಆಳಕ್ಕೆ ಅಗೆಸಿ, ಆ ಮಣ್ಣು ತೆಗೆಸಿ, ಮುರುಮ (ಗರಸು) ತುಂಬಿಸಿದರು. ನಾವು ಚಕಾರ ಎತ್ತದೆ ಆ ಖರ್ಚು ಮಾಡಿದೆವು. ಅದೇ ಮಣ್ಣು ಗೋಡೆಯಿಂದ ಆರಡಿ ಆಚೆ ಗಾರ್ಡನ್ ಜಾಗದಲ್ಲೂ ಇದೆ ಅನ್ನೋದು ಮಾತ್ರ ಗೃಹಪ್ರವೇಶ ಆಗುತ್ತಲೇ ಮರೆತುಹೋಯಿತು.

ಡಿಸೈನರ್ ಬಂದದ್ದು ಜನವರಿ ಕೊನೆಗೆ. ಒಳ್ಳೆ ಮಾತುಗಾರ. ಬೆಳಿಗ್ಗೆ ಹತ್ತಕ್ಕೆ ಬಂದರು, ಟೇಪು ಹಿಡಿದು ಅಳತೆ ತಗೊಂಡರು, ಚಹಾ ಕುಡಿದರು. ಮೂರು ದಿನಕ್ಕೆ ತ್ರೀಡಿ ಚಿತ್ರ ಬಂತು. ಹುಲ್ಲುಹಾಸಿನ ಮೇಲೆ ತಂಪು ನೆರಳು, ಒಂದು ಬೆತ್ತದ ಕುರ್ಚಿ, ಕುರ್ಚಿ ಪಕ್ಕ ಕಾಫಿ ಕಪ್ಪು. ನಮ್ಮ ಪಶ್ಚಿಮದ ಅಂಗಳದಲ್ಲಿ ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿಂದ ಬರಬೇಕು ಅಂತ ನಾವು ಕೇಳಲಿಲ್ಲ. ಅವರು ಮಧ್ಯಾಹ್ನ ಮೂರಕ್ಕೆ ಒಮ್ಮೆಯೂ ಬಂದಿರಲಿಲ್ಲ. ಆಮೇಲೆ ಕೂತು ಯೋಚಿಸಿದಾಗ ಇನ್ನೊಂದು ಹೊಳೆಯಿತು. ಅಷ್ಟು ಮಾತಾಡಿದ ಮನುಷ್ಯ ನಮ್ಮನ್ನು ಎರಡು ಪ್ರಶ್ನೆ ಕೇಳಲೇ ಇಲ್ಲ. ನೀರು ಎಲ್ಲಿಂದ ಬರುತ್ತದೆ? ಮಣ್ಣು ಎಂಥದ್ದು? ಒಂದು ಗುದ್ದಲಿ ಏಟೂ ಹಾಕಿ ನೋಡಲಿಲ್ಲ.

ಒಟ್ಟು 2,60,000 ರೂಪಾಯಿಗೆ ಮಾತಾಯಿತು. 1 ಲಕ್ಷ ಅಡ್ವಾನ್ಸ್, ಗಿಡ ಬಂದ ದಿನ 1 ಲಕ್ಷ, ಕೆಲಸ ಮುಗಿದಾಗ 40,000, ಮೂರು ತಿಂಗಳ ಮೇಂಟೆನೆನ್ಸ್ ಆದ ಮೇಲೆ ಉಳಿದ 20,000. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಲೆಕ್ಕ ನೋಡಿ. ಒಂದು ಗಿಡ ಬದುಕುತ್ತದೋ ಸಾಯುತ್ತದೋ ಗೊತ್ತಾಗುವ ಮೊದಲೇ 2,40,000 ಅವರ ಕೈ ಸೇರಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಗದು. "ಬಿಲ್ ಬೇಕಂದ್ರ ಜಿಎಸ್‌ಟಿ ಹತ್ತತದರಿ ಸರ" ಅಂದರು, ನಮ್ಮನೆಯವರು ಉಳಿತಾಯ ಅಂತ ಹೂಂ ಅಂದರು.

ಈಗ ಮಣ್ಣಿನ ವಿಷಯ. ಇದನ್ನು ಸ್ವಲ್ಪ ನಿಧಾನ ಓದಿ, ಇಲ್ಲೇ ಎಲ್ಲರೂ ಬೀಳುವುದು. ಎರೆ ಮಣ್ಣಿನ ಮೇಲೆ ಒಂದಡಿ ಕೆಂಪು ಮಣ್ಣು ಹಾಕುತ್ತೇವೆ ಅಂತ ಮಾತು. ಒಂದು ಬ್ರಾಸ್ ಅಂದರೆ 100 ಘನ ಅಡಿ. 600 ಚದರಡಿಗೆ ಒಂದಡಿ ಎತ್ತರ ಬೇಕಾದರೆ ಆರು ಬ್ರಾಸ್ ಬರಬೇಕು. ಬಂದದ್ದು ಎರಡು ಟ್ರ್ಯಾಕ್ಟರ್, ಅಂದರೆ ಹೆಚ್ಚು ಕಮ್ಮಿ ಎರಡು ಬ್ರಾಸ್. ಹರಡಿದರೆ ನಾಲ್ಕೇ ಇಂಚು. ನಾವು ಡ್ಯೂಟಿಗೆ ಹೋಗಿದ್ದೆವು. ಸಂಜೆ ಬಂದು ನೋಡಿದಾಗ ಅಂಗಳವೆಲ್ಲ ಕೆಂಪಗೆ ಕಂಡಿತು, ಖುಷಿಯಾದೆವು. ಕೆಳಗೆ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಗಾರೆ ಎಲ್ಲ ಹಾಗೇ ಇತ್ತು. ಅದನ್ನು ತೆಗೆಯುವುದಕ್ಕೆ ಕೂಲಿ ಬೇಕಲ್ಲ.

ಆ ನಾಲ್ಕು ಇಂಚಿನ ಮೇಲೆ ಮೆಕ್ಸಿಕನ್ ಹುಲ್ಲು ಹಾಸಿದರು. ಅಂಚಿಗೆ ಇಕ್ಸೋರಾ ಹೂಗಿಡದ ಸಾಲು. ಮೂರು ರಾಯಲ್ ಪಾಮ್ ಆಂಧ್ರದ ಕಡಿಯಂ ಕಡೆಯಿಂದ ಬಂದವು. ಆ ಗಿಡಗಳದ್ದೇನೂ ತಪ್ಪಿಲ್ಲ, ನೋಡುವುದಕ್ಕೆ ದಷ್ಟಪುಷ್ಟವಾಗಿದ್ದವು. ಗೋದಾವರಿ ಪಕ್ಕದ ತೇವದ ಗಾಳಿಯಲ್ಲಿ ಬೆಳೆದದ್ದನ್ನು ತಂದು ಫೆಬ್ರುವರಿ ಕೊನೆಗೆ ನಮ್ಮ ಬಿಸಿಲಿಗೆ ನಿಲ್ಲಿಸಿದರೆ ಅವಾದರೂ ಏನು ಮಾಡಬೇಕು? ನಮ್ಮ ಕಡೆ ಹೊಲದವರು ಯಾರನ್ನೇ ಕೇಳಿ, ಗಿಡ ಹಚ್ಚುವುದು ಮೃಗಶಿರ ಮಳೆ ಬಿದ್ದ ಮೇಲೆ. ಬೇರು ಇಳಿಯುವುದಕ್ಕೆ ಮಳೆಗಾಲ, ಚಳಿಗಾಲ ಎರಡೂ ಸಿಗುತ್ತವೆ. ನಮ್ಮ ಗಿಡಗಳಿಗೆ ಸಿಕ್ಕಿದ್ದು ಇಪ್ಪತ್ತು ದಿನ.

ಮಾರ್ಚ್‌ನಲ್ಲಿ ಹುಲ್ಲಿನ ಅಂಚು ಕಂದಿತು. ಫೋನ್ ಮಾಡಿದೆ. "ನೀರ್ ಕಮ್ಮಿ ಆಗ್ಯಾದ್ರಿ ಮೇಡಂ" ಅಂದರು. ಜಾಸ್ತಿ ಹಾಕಿದೆವು. ಹದಿನೈದು ದಿನಕ್ಕೆ ಪಾಮ್ ಗರಿ ತುದಿಯಿಂದ ಒಣಗುತ್ತಾ ಬಂತು. ಮತ್ತೆ ಫೋನ್. ಈ ಸಲ "ನೀರ್ ಭಾಳ ಆಗ್ಯಾದ್ರಿ."

ನೀರಿನ ಲೆಕ್ಕವನ್ನು ನಾನೇ ಆಮೇಲೆ ಹಾಕಿದೆ. ಹುಲ್ಲು ಇದ್ದದ್ದು 500 ಚದರಡಿ. ಅದರ ಮೇಲೆ ದಿನಕ್ಕೆ ಬರೀ 5 ಮಿಲಿಮೀಟರ್ ನೀರು ನಿಲ್ಲಿಸಬೇಕೆಂದರೆ ಸುಮಾರು 230 ಲೀಟರ್. ತಿಂಗಳಿಗೆ 7,000 ಲೀಟರ್. ಅದೂ ಗಾಳಿಗೆ, ಬಿಸಿಲಿಗೆ ಆರಿ ಹೋಗುವುದನ್ನು ಬಿಟ್ಟು. ಕಲಬುರಗಿಯಲ್ಲಿ ಮೇ ತಿಂಗಳಿಗೆ 42-43 ಡಿಗ್ರಿ ಅಂದರೆ ಯಾರೂ ತಿರುಗಿ ನೋಡುವುದಿಲ್ಲ, ಅಷ್ಟು ಸಾಮಾನ್ಯ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬೋರ್ ನೀರು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಅದೇ ಬಿಳಿ ಉಪ್ಪು ಅವರು ಹಾಕಿದ ಡ್ರಿಪ್ ಪೈಪಿನ ತೂತುಗಳಲ್ಲೂ ಕಟ್ಟಿ ಎರಡು ತಿಂಗಳಲ್ಲಿ ಅರ್ಧ ಬಂದ್. ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದೆವು. ಕುಡಿಯುವ ನೀರಿಗೆ ಕೊಡ ಹಿಡಿದು ನಿಂತ ಹೆಣ್ಣುಮಕ್ಕಳ ಎದುರಿಗೇ ಹುಲ್ಲಿಗೆ ಟ್ಯಾಂಕರ್ ಖಾಲಿ ಮಾಡಿಸುವಾಗ ನಾಚಿಕೆಯಾಯಿತು. ಅದಾದ ಮೇಲೆ ತರಿಸಲಿಲ್ಲ. ಹುಲ್ಲು ಹೋಯಿತು.

ಇಕ್ಸೋರಾ ಬೇರೆ ರೀತಿ ಸತ್ತಿತು. ಎಲೆ ಹಳದಿ, ನರ ಮಾತ್ರ ಹಸಿರು. ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಎರಡು ಎಲೆ, ಒಂದು ಚೀಲ ಮಣ್ಣು ತಗೊಂಡು ಹೋದೆ. ಎಲೆ ನೋಡಿಯೇ ಕಬ್ಬಿಣದ ಕೊರತೆ ಅಂದರು. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲವಂತೆ. ಸುಣ್ಣ ಜಾಸ್ತಿ ಇರುವ ಕ್ಷಾರ ಮಣ್ಣಿನಲ್ಲಿ ಅದು ಗಿಡಕ್ಕೆ ಸಿಗದ ಹಾಗೆ ಕೂತುಬಿಡುತ್ತದೆ. ಕೆಳಗೆ ಸಿಮೆಂಟು, ಮೇಲೆ ಗಡಸು ನೀರು, ಇನ್ನೇನು ಬೇಕು. ಅಂಗಡಿಯವನು ಹೇಳಿದ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ತಂದು ಮಣ್ಣಿಗೆ ಸುರಿದಿದ್ದೆ, ಅದೂ ಅಲ್ಲೇ ಕೂತಿತ್ತು. ಮಣ್ಣು ಪರೀಕ್ಷೆಗೆ ಹೋದ ಖರ್ಚು ಒಂದು ಇಕ್ಸೋರಾ ಗಿಡದ ರೇಟಿಗಿಂತ ದೊಡ್ಡದೇನೂ ಆಗಿರಲಿಲ್ಲ. ಮೊದಲೇ ಮಾಡಿಸಿದ್ದರೆ ನಲವತ್ತು ಗಿಡ ಉಳಿಯುತ್ತಿದ್ದವು.

ಬದುಕಿದ್ದು ಒಂದೇ, ಬೇಲಿಗೆ ಹಚ್ಚುವ ಕೊನೊಕಾರ್ಪಸ್ ಗಿಡ. ಕಾಂಪೌಂಡಿಗೆ ಒಂದೂವರೆ ಅಡಿ ಬಿಟ್ಟು, ಸಂಪ್ ಪಕ್ಕದಲ್ಲೇ, ಹದಿನಾಲ್ಕು ಗಿಡ ಸಾಲಾಗಿ ಹಚ್ಚಿದ್ದರು. ನೀರಿಲ್ಲದಿದ್ದರೂ ಏಳುತ್ತದೆ, ಬಿಸಿಲಿದ್ದರೂ ಏಳುತ್ತದೆ. ನಾವು ಅದೊಂದನ್ನೇ ನೋಡಿ ಸಮಾಧಾನ ಪಟ್ಟುಕೊಂಡಿದ್ದೆವು. ಅದರ ಬೇರು ನೀರು ಹುಡುಕಿಕೊಂಡು ಪೈಪು, ಚರಂಡಿ ಎಲ್ಲ ಸೇರುತ್ತದೆ ಅನ್ನೋದೂ ಒಂದು ಕಾರಣವಾಗಿ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನು ನಿಷೇಧಿಸಿದೆ ಅಂತ ನಮಗೆ ಗೊತ್ತಾದದ್ದು, ಸಂಪ್ ತೊಳೆಯಲು ಇಳಿದ ಹುಡುಗ ಗೋಡೆ ಬಿರುಕಿನಿಂದ ಕೂದಲಿನಂಥ ಬೇರು ಎಳೆದು ತೋರಿಸಿದ ಮೇಲೆ.

ಇಷ್ಟು ಗಿಡದ ಕಥೆ. ಗಿಡ ಸತ್ತರೆ ಇನ್ನೊಂದು ತರಬಹುದು. ನನಗೆ ಇವತ್ತಿಗೂ ಸಿಟ್ಟು ಇರುವುದು ಮಳೆನೀರಿನ ಕಿಂಡಿ ಬಗ್ಗೆ. ಕಾಂಪೌಂಡಿನ ಬುಡದಲ್ಲಿ ಗೌಂಡಿ ನೀರು ಹೋಗಲು ಎರಡು ಕಿಂಡಿ ಬಿಟ್ಟಿದ್ದ. ಅವುಗಳ ಮುಂದೆ ಡಿಸೈನರ್ ಬಿಳಿ ಕಲ್ಲು ತುಂಬಿಸಿ ಅಲಂಕಾರದ ಗೋಡೆ ಕಟ್ಟಿಸಿದರು. ಕಲ್ಲಿನ ಕೆಳಗೆ ಪ್ಲಾಸ್ಟಿಕ್ ಹಾಳೆ. ಸೆಪ್ಟೆಂಬರ್‌ನಲ್ಲಿ ಎರಡು ರಾತ್ರಿ ಜೋರು ಮಳೆ ಬಂತು. ನೀರು ಹೊರಗೆ ಹೋಗದೆ ಪೋರ್ಚಿನ ಕಡೆ ತಿರುಗಿತು. ಕೆಳಗಿನ ಎರೆ ಮಣ್ಣು ಕುಡಿದು ಉಬ್ಬಿತು. ಹಾಸಿದ್ದ ಶಹಾಬಾದ್ ಫರಸಿ ನಾಲ್ಕೈದು ಎದ್ದು ನಿಂತವು. ಚಳಿಗಾಲ ಕಳೆದು ಮಣ್ಣು ಆರಿದಾಗ ಕಾಂಪೌಂಡ್ ಗೋಡೆಯಲ್ಲಿ ಬೆರಳು ಹೋಗುವಷ್ಟು ಸೀಳು. ಇಂಜಿನಿಯರ್ ಬಂದು ನೋಡಿ ಒಂದೇ ಮಾತು ಅಂದರು: "ನೀರು ಹೊರಗ ಹೋಗೊ ದಾರಿ ಯಾರ್ ಮುಚ್ಚಿದ್ರಿ?"

ಡಿಸೈನರ್ ಮೂರು ತಿಂಗಳಲ್ಲಿ ಎರಡು ಸಲ ಬಂದಿದ್ದರು. ಮೂರನೇ ಸಲ ಬರಲಿಲ್ಲ. ಉಳಿದ 20,000 ನಾವು ಕೊಡಲಿಲ್ಲ, ಅವರು ಕೇಳಲೂ ಇಲ್ಲ. ನನಗೆ ಆಗಲೇ ಅರ್ಥವಾಗಬೇಕಿತ್ತು, ಆ ದುಡ್ಡನ್ನು ಅವರು ಮೊದಲೇ ಬಿಟ್ಟುಕೊಟ್ಟಿದ್ದರು. ಪರಿಚಯದ ವಕೀಲರನ್ನು ಕೇಳಿದೆವು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ ಅಂದರು. ಆಮೇಲೆ ಬಿಲ್ ಕೇಳಿದರು. ಒಪ್ಪಂದ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಬೆತ್ತದ ಕುರ್ಚಿಯ ಚಿತ್ರ ಮತ್ತು ಒಂದು ಲಕ್ಷದ ಫೋನ್‌ಪೇ ರಸೀದಿ. ನೋಟಿಸ್ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಅಂದ ಹಾಗೆ, ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಬೇಕಾದರೆ 1972ರ ಕಾಯ್ದೆ ಪ್ರಕಾರ ನೋಂದಣಿ ಬೇಕು. ಗಾರ್ಡನ್ ಡಿಸೈನರ್ ಅನ್ನಿಸಿಕೊಳ್ಳುವುದಕ್ಕೆ ಅಂಥದ್ದೇನೂ ಬೇಕಾಗಿಲ್ಲ. ಒಂದು ಲ್ಯಾಪ್‌ಟಾಪ್ ಇದ್ದರೆ ಆಯಿತು.

ತಂಗಿಗೆ ಹೇಳಿದ್ದು ಇಷ್ಟು. ಬೀದರಿನ ಕೆಂಪು ಮಣ್ಣು ನಮ್ಮ ಎರೆಯ ಹಾಗಲ್ಲ, ಆದ್ದರಿಂದ ನನ್ನ ಗಿಡಗಳ ಪಟ್ಟಿ ನಿನಗೆ ಬರುವುದಿಲ್ಲ. ಆದರೆ ಬರುವವರು ಗುದ್ದಲಿ ಹಾಕಿ ನೋಡಲಿ, ಸಂಪ್ ಎಷ್ಟು ದೊಡ್ಡದು ಅಂತ ಕೇಳಲಿ, ಮಧ್ಯಾಹ್ನ ಒಮ್ಮೆ ಬಂದು ಬಿಸಿಲಿನಲ್ಲಿ ನಿಲ್ಲಲಿ. ಹೊಸದಾಗಿ ಮುಗಿದ ತೋಟದ ಫೋಟೊ ತೋರಿಸಿದರೆ, ಒಂದು ಮೇ ತಿಂಗಳು ದಾಟಿದ ತೋಟ ಯಾವುದಿದೆ, ಅಲ್ಲಿಗೆ ಕರಕೊಂಡು ಹೋಗಿ ಅನ್ನು. ಮಣ್ಣು ಬರುವ ದಿನ ರಜೆ ಹಾಕಿ ಟ್ರ್ಯಾಕ್ಟರ್ ಎಣಿಸು. ದೊಡ್ಡ ಕಂತನ್ನು ಗಿಡ ಚಿಗುರಿದ ಮೇಲೆ ಕೊಡು, ಬಿಲ್ ಇಲ್ಲದೆ ಒಂದು ರೂಪಾಯಿನೂ ಕೊಡಬೇಡ. "ಇಷ್ಟೆಲ್ಲ ಕೇಳಿದ್ರ ಯಾರ್ ಬರ್ತಾರಕ್ಕಾ?" ಅಂದಳು. ಬರದಿದ್ದರೆ ಅಷ್ಟು ದುಡ್ಡು ಉಳಿಯಿತು ಅಂದೆ.

ನಮ್ಮ ಅಂಗಳದಲ್ಲಿ ಈಗ ಅಲಂಕಾರದ ಗೋಡೆ ಒಡೆಸಿದ್ದಾಗಿದೆ. ಕಿಂಡಿ ತೆರೆದಿದೆ. ಅವಶೇಷ ಅಗೆಸಿ ನಾಲ್ಕು ಟ್ರ್ಯಾಕ್ಟರ್ ಹೊರಗೆ ಹಾಕಿಸಿದೆವು, ಈ ಸಲ ನಾನೇ ನಿಂತು ಎಣಿಸಿದೆ. ಓಣಿಯ ಮಾಲಿ ಕಾಕಾ ಮಳೆ ಬಿದ್ದ ಮೇಲೆ ಕಣಗಿಲೆ, ಒಂದು ಬಿಲ್ವಪತ್ರೆ, ಕರಿಬೇವು, ಗೇಟಿನ ಪಕ್ಕ ಕಾಗದದ ಹೂವಿನ ಬಳ್ಳಿ ಹಚ್ಚಿದ್ದಾರೆ. ಹುಲ್ಲು ಬೇಡ ಅಂದಿದ್ದೇವೆ. ಕೊನೊಕಾರ್ಪಸ್ ಎಂಟು ಕಿತ್ತಾಗಿದೆ, ಇನ್ನೂ ಆರು ಉಳಿದಿವೆ. ಅವು ಸಂಪ್ ಗೋಡೆಗೆ ಅಂಟಿಕೊಂಡಿವೆ, ಅದಕ್ಕೆ ಗೌಂಡಿಯನ್ನೂ ಕರೆಸಬೇಕು. ರವಿವಾರ ಬರುತ್ತೇನೆ ಅಂದಿದ್ದಾನೆ.