ವಿಜ್ಞಾನಿಗಳ ಕಥೆ ನಿಜವಾ, ಸುಳ್ಳಾ? ಮೂರು ದಾರಿ ಹಿಡಿದು ನೋಡಿದೆ

ಫೆಬ್ರವರಿ ಬಂದರೆ ಉಡುಪಿಯ ಶಾಲೆಗಳಲ್ಲಿ ವಿಜ್ಞಾನ ದಿನದ ಭಾಷಣ ಶುರು. ನ್ಯೂಟನ್ ತಲೆಗೆ ಬಿದ್ದ ಸೇಬು, ಗಣಿತದಲ್ಲಿ ಫೇಲಾದ ಐನ್‌ಸ್ಟೈನ್, ವರ್ಷವರ್ಷವೂ ಅದೇ. ಈ ಸಲ ಅಕ್ಕನ ಮಗಳ ಭಾಷಣ ಬರೆಸುವ ಕೆಲಸ ನನ್ನ ಪಾಲಿಗೆ ಬಂತು. ಸುಮ್ನೆ ಬರೆಸುವ ಬದಲು ಕಥೆಗಳನ್ನು ಮೂರು ಕಡೆ ಹುಡುಕಿದೆ: ಮೊಬೈಲಿಗೆ ಬರುವ ಫಾರ್ವರ್ಡ್ ಮತ್ತು ವಿಡಿಯೊ, ಲೈಬ್ರರಿಯ ಕನ್ನಡ ಜೀವನಚರಿತ್ರೆಗಳು, ಆಮೇಲೆ ಆ ಕಾಲದವರೇ ಬರೆದಿಟ್ಟ ಕಾಗದಪತ್ರ.

ವಿಡಿಯೊಗಳ ಬಗ್ಗೆ ಜಾಸ್ತಿ ಹೇಳುವುದು ಬೇಡ. ಬೇಗ ಆಗ್ತದೆ, ಅಷ್ಟೇ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್‌ನ ಅಪ್ಪ ಕೆಸರಿನಲ್ಲಿ ಹೂತಿದ್ದ ಹುಡುಗ ಚರ್ಚಿಲ್‌ನನ್ನು (ಮುಂದೆ ಬ್ರಿಟನ್ನಿನ ಪ್ರಧಾನಿ) ಎತ್ತಿದ್ದು, ಚರ್ಚಿಲ್‌ನ ಅಪ್ಪ ಆ ಋಣಕ್ಕೆ ಫ್ಲೆಮಿಂಗ್‌ನನ್ನು ಓದಿಸಿದ್ದು, ಮುಂದೆ ಪೆನಿಸಿಲಿನ್ನೇ ಚರ್ಚಿಲ್‌ನ ಜೀವ ಉಳಿಸಿದ್ದು, ನಿಮಗೂ ಬಂದಿರುತ್ತದೆ ಅಲ್ವಾ? ಇದು ಕಟ್ಟುಕಥೆ ಎಂದು ಫ್ಲೆಮಿಂಗ್ ತಾನೇ ಪತ್ರದಲ್ಲಿ ಬರೆದಿದ್ದಾನೆ. 1943ರಲ್ಲಿ ಚರ್ಚಿಲ್‌ಗೆ ನ್ಯುಮೋನಿಯಾ ಬಂದಾಗ ಕೊಟ್ಟದ್ದು ಪೆನಿಸಿಲಿನ್ ಅಲ್ಲ, ಸಲ್ಫಾ ಎಂಬ ಬೇರೆ ಜಾತಿಯ ಮಾತ್ರೆ. ಹತ್ತು ವಿಡಿಯೊ ಒಂದೇ ಮಾತು ಹೇಳಿದರೂ ಅದು ಹತ್ತು ಸಾಕ್ಷಿ ಅಲ್ಲ ಮಾರಾಯ್ರೇ, ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಮಾಡಿದ್ದು.

ಕನ್ನಡ ಪುಸ್ತಕಗಳು ನಾನು ಎಣಿಸಿದ್ದಕ್ಕಿಂತ ಒಳ್ಳೆಯವು. ಇಸವಿ, ಊರು, ಕಾಲೇಜು ಇಂಥದ್ದಕ್ಕೆ ಧೈರ್ಯವಾಗಿ ನಂಬಬಹುದು. ವಿಜ್ಞಾನ ದಿನವಾದ ಫೆಬ್ರವರಿ 28 ಸಿ.ವಿ. ರಾಮನ್ ಹುಟ್ಟಿದ ದಿನ ಎಂದು ವೇದಿಕೆಯಲ್ಲೇ ಹೇಳುವವರಿದ್ದಾರೆ. ಅವರು ಹುಟ್ಟಿದ್ದು 1888ರ ನವೆಂಬರ್ 7. ಫೆಬ್ರವರಿ 28 ಎಂದರೆ 1928ರಲ್ಲಿ ರಾಮನ್ ಪರಿಣಾಮ (ವಸ್ತುವಿನಲ್ಲಿ ಚದುರಿದ ಬೆಳಕಿನಲ್ಲಿ ಸ್ವಲ್ಪದರ ಬಣ್ಣ ಬದಲಾಗುವುದು) ಕಂಡ ದಿನ. ಇದು ಪುಸ್ತಕದಲ್ಲಿ ಸರಿಯಾಗಿಯೇ ಉಂಟು. ಗಣಿತಜ್ಞ ರಾಮಾನುಜನ್ ಎಫ್‌ಎ (ಆ ಕಾಲದ ಪಿಯುಸಿಯಂಥದ್ದು) ಪರೀಕ್ಷೆಯಲ್ಲಿ ಫೇಲಾದದ್ದೂ ಉಂಟು, ಅದು ನಿಜವೇ, ಗಣಿತ ಬಿಟ್ಟು ಬೇರೆ ವಿಷಯ ಓದಲೇ ಇಲ್ಲ ಆತ.

ಎಡವುವುದು ಮಾತುಕತೆ ಬರುವಲ್ಲಿ. ಮುನ್ನೂರು ವರ್ಷದ ಹಿಂದೆ ಅಮ್ಮ ಮಗನಿಗೆ ಹೇಳಿದ್ದು ಲೇಖಕರಿಗೆ ಹೇಗೆ ಕೇಳಿಸಿತೋ! ಗೆಲಿಲಿಯೊ ಪೀಸಾ ಗೋಪುರದಿಂದ ಭಾರದ, ಹಗುರದ ಗುಂಡುಗಳನ್ನು ಒಟ್ಟಿಗೆ ಬೀಳಿಸಿ ತೋರಿಸಿದ ಕಥೆಯಲ್ಲಂತೂ ಕೆಳಗೆ ನಿಂತ ಜನರ ಮುಖ ಕೂಡ ವರ್ಣಿಸಿದ್ದಾರೆ. ಗೆಲಿಲಿಯೊ ಆ ಪ್ರಯೋಗದ ಬಗ್ಗೆ ತನ್ನ ಪುಸ್ತಕಗಳಲ್ಲಿ ಬರೆದೇ ಇಲ್ಲ. ಬರೆದದ್ದು ಶಿಷ್ಯ ವಿವಿಯಾನಿ, ಅದೂ ಗುರು ತೀರಿಹೋದ ಮೇಲೆ.

ಮೂರನೆಯದು ಹೊತ್ತು ತಿನ್ನುತ್ತದೆ. ಹಳೆಯ ಇಂಗ್ಲಿಷ್, ಸಿಕ್ಕುಸಿಕ್ಕು ಕೈಬರಹ. ಆದರೆ ಬಿಟ್ಟಿ ಸಿಗುತ್ತದೆ, ಲಂಡನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ ಸೇಬಿನ ಕಥೆಯ ಹಸ್ತಪ್ರತಿಯನ್ನೇ 2010ರಲ್ಲಿ ಇಂಟರ್‌ನೆಟ್ಟಿಗೆ ಹಾಕಿದೆ. ಅದನ್ನು ಬರೆದವನು ನ್ಯೂಟನ್‌ನ ಸ್ನೇಹಿತ ಸ್ಟುಕ್ಲಿ. 1726ರ ಏಪ್ರಿಲ್ 15ರಂದು ಊಟ ಮುಗಿಸಿ, ತೋಟದಲ್ಲಿ ಸೇಬಿನ ಮರದ ನೆರಳಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದಾಗ, 83ರ ಮುದುಕ ನ್ಯೂಟನ್ ತನಗೆ ಗುರುತ್ವದ ಯೋಚನೆ ಬಂದದ್ದೂ ಹೀಗೇ ಕೂತಿದ್ದಾಗ ಎಂದನಂತೆ: ಸೇಬು ಯಾಕೆ ಯಾವಾಗಲೂ ನೇರ ಕೆಳಗೇ ಬೀಳಬೇಕು? ಸೇಬು ಬಿದ್ದದ್ದು ಉಂಟು. ತಲೆ ಇಲ್ಲ! ನನಗಂತೂ ತಲೆಗೆ ಬಿದ್ದ ಕಥೆಗಿಂತ ಈ ಚಹಾದ ಕಥೆಯೇ ಇಷ್ಟವಾಯಿತು.

ಐನ್‌ಸ್ಟೈನ್‌ದಕ್ಕೆ ಮಾರ್ಕ್ಸ್ ಕಾರ್ಡೇ ಉಳಿದಿದೆ. 1896, ಸ್ವಿಟ್ಜರ್ಲೆಂಡಿನ ಆರಾವ್ ಊರಿನ ಶಾಲೆ, ಬೀಜಗಣಿತಕ್ಕೆ 6, ರೇಖಾಗಣಿತಕ್ಕೆ 6. ಆರಕ್ಕೆ ಆರು. ಫ್ರೆಂಚಿಗೆ ಮಾತ್ರ 3. ಹಿಂದಿನ ವರ್ಷ ಜ್ಯೂರಿಕ್‌ನ ಪಾಲಿಟೆಕ್ನಿಕ್ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾಗಲಿಲ್ಲ, ಆದರೆ ಆಗ ವಯಸ್ಸು 16, ಗಣಿತ ಮತ್ತು ಭೌತವಿಜ್ಞಾನ ಚೆನ್ನಾಗಿಯೇ ಮಾಡಿದ್ದ. ಅಂದರೆ ಸುಳ್ಳಿಗೂ ಒಂದು ಬೇರು ಉಂಟು, ಅದು ಸಿಗುವುದು ಈ ದಾರಿಯಲ್ಲೇ.

ಕಾಯಿಲೆ ಬಿದ್ದ ರಾಮಾನುಜನ್‌ರನ್ನು ನೋಡಲು ಹೋದ ಇಂಗ್ಲಿಷ್ ಗಣಿತಜ್ಞ ಹಾರ್ಡಿ, ಬಂದ ಟ್ಯಾಕ್ಸಿಯ ನಂಬರ್ 1729, ಸಪ್ಪೆ ಸಂಖ್ಯೆ ಎಂದಾಗ, ಅಲ್ಲ, ಎರಡು ಘನಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದರಂತೆ ರಾಮಾನುಜನ್. ಈ ಕಥೆಯನ್ನು ಹೇಳಿದವರು ಹಾರ್ಡಿಯೇ, ಅದರಲ್ಲಿ ತಕರಾರಿಲ್ಲ. ಹಾಸಿಗೆಯಲ್ಲಿ ಮಲಗಿದ್ದಲ್ಲೇ ಆ ಕ್ಷಣ ಲೆಕ್ಕ ಹಾಕಿದರು ಎನ್ನುವುದು ಸೇರಿಸಿದ್ದು. ಒಂದರ ಘನ ಮತ್ತು 12ರ ಘನ ಕೂಡಿದರೂ, 9ರದ್ದು 10ರದ್ದು ಕೂಡಿದರೂ 1729 ಬರುವುದು ರಾಮಾನುಜನ್ ನೋಟ್‌ಬುಕ್ಕಿನಲ್ಲಿ ಮೊದಲೇ ಇತ್ತು.

ಒಂದು ಸಂಜೆಯಷ್ಟೇ ಸಮಯ ಇದ್ದರೆ ಕನ್ನಡ ಪುಸ್ತಕ ಹಿಡಿಯಿರಿ, ಸಂಭಾಷಣೆ ಬಿಟ್ಟು ಓದಿ. ಎರಡು ವಾರ ಇದ್ದರೆ ಮೂಲಕ್ಕೇ ಹೋಗಿ. ವಿಡಿಯೊ ಬೇಕಾಗುವುದು ಯಾವ ಸುಳ್ಳು ಓಡಾಡುತ್ತಿದೆ ಎಂದು ತಿಳಿಯಲು ಮಾತ್ರ. ವಿಜ್ಞಾನ ದಿನದ್ದೇ ಭಾಷಣವಾದರೆ ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಕೊಟ್ಟ ಉಪನ್ಯಾಸದಿಂದ ಶುರು ಮಾಡಿ, ಅಚ್ಚಾಗಿದೆ, ಓದಲು ಕಷ್ಟವಿಲ್ಲ. ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಹೆಸರು ನಾನು ನೋಡಿದ ಒಂದು ವಿಡಿಯೊದಲ್ಲೂ ಇರಲಿಲ್ಲ. ರಾಮನ್ ಆ ಉಪನ್ಯಾಸದಲ್ಲಿ ಹೇಳಿದ್ದಾರೆ.