ಗಾಂಧಿನಗರದ ಹೊಸ ಎಸಿ ರೆಸ್ಟೋರೆಂಟ್, ಒಗ್ಗರಣೆ ಅಂಗಡಿ, ಖಾನಾವಳಿ: ಯಾವ ಹೊತ್ತಿಗೆ ಎಲ್ಲಿ?

ಬಳ್ಳಾರಿಯ ಗಾಂಧಿನಗರದ ಕಡೆ ಬೆಳಗ್ಗೆಯಿಂದ ರಾತ್ರಿ ತನಕ ಬಾಗಿಲು ಮುಚ್ಚದ ಹೊಸ ನಮೂನೆ ರೆಸ್ಟೋರೆಂಟ್ ಬಂದಿದೆ. ಗಾಜಿನ ಗೋಡೆ, ಹಳದಿ ದೀಪ, ಮೆತ್ತನೆ ಸೋಫಾ. ಆಮ್ಲೆಟ್, ಪಾಸ್ತಾ, ಪಿಜ್ಜಾ ಯಾವ ಹೊತ್ತಿಗೆ ಕೇಳಿದರೂ ಸಿಗುತ್ತದೆ. ನಾನು ಮೊದಲಿಂದ ಹೋಗುವ ಜಾಗ ಎರಡು: ಒಂದು ಒಗ್ಗರಣೆ-ಮಿರ್ಚಿ ಅಂಗಡಿ, ಇನ್ನೊಂದು ಖಾನಾವಳಿ. ಈಗ ಮೂರನ್ನೂ ತೂಗಿ ನೋಡಿಯಾಯ್ತು.

ಬೆಳಗಿನ ತಿಂಡಿಗೆ ಪೈಪೋಟಿನೇ ಇಲ್ಲ. ಅಂಗಡಿಯವರು ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಎರಡೂ ಕೈಯಲ್ಲಿ ಹಿಂಡಿ, ಉಳ್ಳಾಗಡ್ಡಿ-ಹಸಿಮೆಣಸಿನಕಾಯಿ ಒಗ್ಗರಣೆಗೆ ಸುರಿದು ಕೈಯಾಡಿಸುತ್ತಾರೆ. ಮೇಲೆ ಪುಟಾಣಿ ಪುಡಿ, ಒಂದು ಹಿಂಡು ನಿಂಬೆರಸ. ಪಕ್ಕದ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ. ನಿಂತೇ ತಿನ್ನಬೇಕು, ಆದರೆ ಯಾರಿಗೂ ಬೇಜಾರಿಲ್ಲ. ಹೊಸ ಜಾಗದ ಅಣಬೆ ಆಮ್ಲೆಟ್ ಕೆಟ್ಟದ್ದೇನಲ್ಲ, ಮೆತ್ತಗೆ ಚೆನ್ನಾಗೇ ಇತ್ತು. ಬರೋಕೆ ಮಾತ್ರ ಅರ್ಧ ಗಂಟೆ. ಅಷ್ಟು ಹೊತ್ತಲ್ಲಿ ಇಲ್ಲಿ ತಿಂದು, ಚಹಾ ಕುಡಿದು, ಕೆಲಸಕ್ಕೂ ಹೋಗಿಬಿಡಬಹುದು.

ಮಧ್ಯಾಹ್ನದ ಊಟಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರೊಟ್ಟಿ ಮುಗಿಯೋ ಮೊದಲೇ ಇನ್ನೊಂದು ತಟ್ಟೆಗೆ ಬಿದ್ದಿರುತ್ತೆ. ಆ ಕಡೆ ಪಾಸ್ತಾದಲ್ಲಿ ಚೀಸ್ ಜಾಸ್ತಿ, ಖಾರವೂ ಜಾಸ್ತಿ. ನಮ್ಮೂರ ನಾಲಿಗೆಗೆ ಅಂತ ಹಾಕಿದ್ದಾರೇನೋ, ಆದರೆ ಟೊಮೆಟೊ ರುಚಿಯೇ ಕಳೆದುಹೋಗಿದೆ.

ಹಾಗಾದರೆ ಹೊಸ ಜಾಗ ಯಾಕೆ? ಮಧ್ಯಾಹ್ನ ಮೂರರಿಂದ ಆರರ ತನಕ ಒಮ್ಮೆ ಹೋಗಿ ನೋಡಿ. ನಮ್ಮೂರಿಗೆ ಇರೋದು ಎರಡೇ ಕಾಲ ಅಂತ ತಮಾಷೆ ಮಾಡ್ತೀವಲ್ಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತೆ. ಆ ಹೊತ್ತಿಗೆ ಖಾನಾವಳಿಯವರು ಪಾತ್ರೆ ತೊಳೆದು ಮಲಗಿರುತ್ತಾರೆ, ಮಿರ್ಚಿ ಬಾಣಲೆ ಇನ್ನೂ ಒಲೆಗೆ ಏರಿರಲ್ಲ. ಮದುವೆ ಮಾತುಕತೆಗೆ, ವ್ಯವಹಾರದ ಮಾತಿಗೆ, ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಕಾಯೋ ತಾಯಂದಿರಿಗೆ ಊರಲ್ಲಿ ಕೂರೋಕೆ ಇನ್ನೆಲ್ಲಿ ಜಾಗ ಇದೆ ಹೇಳಿ. ಒಂದು ಕಾಫಿ ಹೇಳಿ ಎರಡು ಗಂಟೆ ಕೂತರೂ ಯಾರೂ ಎಬ್ಬಿಸಲ್ಲ. ನಮ್ಮ ಅಕ್ಕ ಅಂತೂ ಶೌಚಾಲಯ ಶುಚಿಯಾಗಿದೆ ಅನ್ನೋ ಒಂದೇ ಕಾರಣಕ್ಕೆ ಇದಕ್ಕೇ ಓಟು ಹಾಕಿದಳು. ಅವಳ ಮಾತು ಸುಳ್ಳಲ್ಲ.

ಕಾಫಿಗೆ ಕೊಡೋ ದುಡ್ಡಲ್ಲಿ ಖಾನಾವಳಿಯಲ್ಲಿ ಪೂರ್ತಿ ಊಟ ಬರುತ್ತೆ. ಅದು ಕಾಫಿ ದರ ಅಲ್ಲ, ಕುರ್ಚಿ ಬಾಡಿಗೆ ಅಂದುಕೊಂಡರೆ ಹೊಟ್ಟೆ ಉರಿಯಲ್ಲ. ಬಿಲ್ ಮಾತ್ರ ಸರಿಯಾಗಿ ನೋಡಿ. 5% ಜಿಎಸ್‌ಟಿ ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ನಮ್ಮ ಬಿಲ್ಲಲ್ಲಿ ಸೇರಿಸಿದ್ದರು. 'ಇದನ್ನ ತೆಗೀರಿ' ಅಂದೆ, ಸುಮ್ನೆ ತೆಗೆದರು.

ಭಾನುವಾರ ಸಂಜೆ ಹೋಗೋದಾದರೆ ಮೊದಲೇ ಫೋನ್ ಮಾಡಿ ಟೇಬಲ್ ಹೇಳಿಡಿ. ಖಾನಾವಳಿಗೆ ಅವತ್ತು ರಾತ್ರಿ ರಜೆ.